ಗಾಡಿ ಕೀ ಎಲ್ಲಿ?

ನಮ್ಮ ಗೋದಾಮಿನ ಡಾಕ್ ಆಫೀಸಿನ ಗೋಡೆಗೆ ಒಂದು ಹಲಗೆ ಹೊಡೆದಿದೆ. ಅದರಲ್ಲಿ ಎಂಟು ಮೊಳೆ, ಪ್ರತಿ ಮೊಳೆಯ ಕೆಳಗೂ ಕೆಂಪು ಬಣ್ಣದಲ್ಲಿ ಬರೆದ ಒಂದೊಂದು ನಂಬರು. ಲಾರಿಯೊಂದು ರಿವರ್ಸ್ ಬಂದು ಡಾಕಿಗೆ ಬೆನ್ನು ಕೊಟ್ಟು ನಿಂತ ಮೇಲೆ ಡ್ರೈವರ್ ಇಂಜಿನ್ ಆಫ್ ಮಾಡಿ, ಕೆಳಗಿಳಿದು, ಗಾಡಿಯ ಕೀ ತಂದು ಆ ಡಾಕಿನ ಮೊಳೆಗೆ ನೇತುಹಾಕಬೇಕು. ಮಾಲು ತುಂಬಿ ಮುಗಿದು, ಎಣಿಕೆ ತಾಳೆಯಾಗಿ, ಬಾಗಿಲು ಮುಚ್ಚಿ, ಸೀಲ್ ಬಿದ್ದು, ಕಾಗದಪತ್ರವೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಸೇರಿದ ಮೇಲೆ ನಾನು ಆ ಕೀ ತೆಗೆದು ಅವರ ಕೈಗೆ ಕೊಡುತ್ತೇನೆ. ರಿಜಿಸ್ಟರಿನಲ್ಲಿ ಸಮಯ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಸಲ ನಡೆಯುವ ಕೆಲಸ ಇದು. ಡಾಕಿನ ಮೇಲೆ ಕಾಲಿಟ್ಟ ಕೂಡಲೇ ನನ್ನ ಬಾಯಿಗೆ ಬರುವ ಮಾತು, ನಮಸ್ಕಾರಕ್ಕೂ ಮೊದಲು, "ಗಾಡಿ ಕೀ ಎಲ್ಲಿ?"

ಐದು ವರ್ಷ ಹೀಗೆ ಕೇಳಿಕೊಂಡು ಬಂದವನು ಒಂದು ರಾತ್ರಿ ಮೊಳೆಯ ಮೇಲಿದ್ದ ಕೀಯನ್ನು ಹೊತ್ತಿಗೆ ಮೊದಲೇ ತೆಗೆದುಕೊಟ್ಟೆ. ಅದನ್ನು ಹೇಳಬೇಕೆಂದೇ ಬರೆಯಲು ಕೂತಿದ್ದೇನೆ. ಆದರೆ ಈ ಕೆಲಸ ಏನು ಎಂದು ಹೇಳದೆ ಆ ರಾತ್ರಿಯನ್ನು ಹೇಳಿದರೆ ಅದು ಬರೀ ಅಪಘಾತದ ಸುದ್ದಿಯಾಗುತ್ತದೆ.

ನನ್ನ ಆಫರ್ ಲೆಟರಿನಲ್ಲಿ ಇರುವುದು 'ಶಿಪ್ಪಿಂಗ್ ಸೂಪರ್‌ವೈಸರ್' ಎಂದು. ತಿಪಟೂರಿನಲ್ಲಿ ನಡೆದ ಒಂದು ಮದುವೆಯಲ್ಲಿ ನಮ್ಮ ಸೋದರತ್ತೆ ಇದನ್ನು ಕೇಳಿಸಿಕೊಂಡು, ಊಟದ ಪಂಕ್ತಿಯಲ್ಲಿ ಇಡೀ ಸಾಲಿಗೆ ನಾನು ಹಡಗಿನಲ್ಲಿ ಕೆಲಸ ಮಾಡುತ್ತೇನೆ ಎಂದು ಹೇಳಿಬಿಟ್ಟಿದ್ದರು. ಮೂರು ಜನ ಮಂಗಳೂರಿನಲ್ಲಿ ಮೀನಿನ ರೇಟು ಕೇಳಿದರು. ನಾನಿರುವುದು ದಾಬಸ್‌ಪೇಟೆಯ ಹತ್ತಿರ, ಸಮುದ್ರಕ್ಕೂ ನಮಗೂ ಸಂಬಂಧವಿಲ್ಲ. ಡಾಕಿನ ಮೇಲೆ ನಿಂತರೆ ಶಿವಗಂಗೆ ಬೆಟ್ಟ ಕಾಣುತ್ತದೆ, ಅಷ್ಟೇ. ಇಲ್ಲಿ ಯಾರೂ ನನ್ನನ್ನು ಶಿಪ್ಪಿಂಗ್ ಅನ್ನುವುದಿಲ್ಲ. ಎಲ್ಲರಿಗೂ ನಾನು 'ಡಿಸ್ಪ್ಯಾಚ್ ಸಾರ್'. ಸೋಪು, ಬಿಸ್ಕತ್ತು, ಅಡುಗೆ ಎಣ್ಣೆ, ಬಟ್ಟೆ ಒಗೆಯುವ ಪುಡಿ, ಮಕ್ಕಳ ಡೈಪರ್, ಹೀಗೆ ನಿಮ್ಮ ಬೀದಿಯ ಅಂಗಡಿಯಲ್ಲಿ ಸಿಗುವ ನೂರೆಂಟು ಸಾಮಾನು ನಮ್ಮಲ್ಲಿ ಬಂದು ಕೂತು, ಇಂತಿಷ್ಟು ಇಂಥ ಊರಿಗೆ ಎಂದು ಹೊರಡುತ್ತವೆ. ಬರುವುದನ್ನು ನೋಡಿಕೊಳ್ಳುವವರು ಬೇರೆ. ಹೋಗುವುದು ನನ್ನದು.

ತುಮಕೂರಿನಲ್ಲಿ ಕನ್ನಡ ಎಂ.ಎ. ಮಾಡಿ, ಎರಡು ವರ್ಷ ಅತಿಥಿ ಉಪನ್ಯಾಸಕನಾಗಿ ಸಂಬಳಕ್ಕೆ ಕಾದು, ಕಾದದ್ದು ಸಾಕೆಂದು 2013ರಲ್ಲಿ ಇಲ್ಲಿಗೆ ಬಂದೆ. ಅಪ್ಪನಿಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ನೀನು ಹೊರ್ತೀಯೋ, ಹೊರಿಸ್ತೀಯೋ?"

ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದವರು. ಅವರ ಎಡ ಹೆಗಲು ಬಲಕ್ಕಿಂತ ಒಂದಂಗುಲ ಕೆಳಗೆ. ನಾನು ಸ್ವಲ್ಪ ಯೋಚಿಸಿ, "ಎರಡೂ ಇಲ್ಲಪ್ಪ, ಬರೀತೀನಿ" ಎಂದೆ. ಅಪ್ಪ "ಓ, ಗುಮಾಸ್ತ" ಎಂದು ಸುಮ್ಮನಾದರು. ಆ ಪದವನ್ನು ಅವರು ಹೇಳಿದ ರೀತಿ ನನಗೆ ಆಗ ಅರ್ಥವಾಗಲಿಲ್ಲ.

ಬರೆಯುವುದು ನಿಜ, ಆದರೆ ಬರೆಯುವುದಕ್ಕೆ ಮೊದಲು ನೋಡಬೇಕು. ಗಾಡಿ ಗೇಟಿಗೆ ಬಂದರೆ ಆರ್‌ಸಿ, ಇನ್ಶೂರೆನ್ಸ್, ಫಿಟ್ನೆಸ್, ಡ್ರೈವರ್ ಲೈಸೆನ್ಸ್ ಇವೆಲ್ಲ ಸೆಕ್ಯುರಿಟಿಯವರೇ ನೋಡಿ ಕಳಿಸುತ್ತಾರೆ. ನಾನು ನೋಡುವುದು ಗಾಡಿಯ ಹೊಟ್ಟೆಯನ್ನು. ಕಂಟೇನರ್ ಲಾರಿಯಾದರೆ ಒಳಗೆ ಹೋಗಿ ನಿಂತು ಹೊರಗಿನಿಂದ ಬಾಗಿಲು ಹಾಕಿಸಿಕೊಳ್ಳುತ್ತೇನೆ. ಮೊದಲು ಏನೂ ಕಾಣುವುದಿಲ್ಲ. ಅರ್ಧ ನಿಮಿಷ ಕಳೆದರೆ ತಗಡಿನಲ್ಲಿ ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ ಬೆಳಕಿನ ಚುಕ್ಕೆ ಮೂಡುತ್ತದೆ. ಹಳೆಯ ಗಾಡಿಯಾದರೆ ಅಮಾವಾಸ್ಯೆಯ ಆಕಾಶ. ನೋಡಲು ಚೆಂದ, ಆದರೆ ಒಂದೊಂದು ಚುಕ್ಕೆಯೂ ಮಳೆಗಾಲದಲ್ಲಿ ಒಂದೊಂದು ನಲ್ಲಿ. ಬಟ್ಟೆ ಒಗೆಯುವ ಪುಡಿಯ ಬಾಕ್ಸಿಗೆ ಸಿರಾ ದಾಟುವಷ್ಟರಲ್ಲಿ ನೀರು ಬಿದ್ದರೆ ದಾವಣಗೆರೆಯ ವ್ಯಾಪಾರಿಗೆ ಸಿಗುವುದು ಇಟ್ಟಿಗೆ.

ಆಮೇಲೆ ಮೂಗು. ಇದನ್ನು ನನಗೆ ಕಲಿಸಿದವನು ಲೋಡಿಂಗ್ ಗುಂಪಿನಲ್ಲಿದ್ದ ಸಿಂದಗಿ ಕಡೆಯ ಒಬ್ಬ ಹುಡುಗ. ನಾನು ಸೇರಿದ ಹೊಸತರಲ್ಲಿ ಒಂದು ಗಾಡಿಗೆ ಒಪ್ಪಿಗೆ ಕೊಟ್ಟು ಹೊರಬಂದೆ. ಅವನು ಒಳಗೆ ಹೆಜ್ಜೆ ಇಟ್ಟವನೇ ವಾಪಸ್ ಬಂದ. "ಸಾಹೇಬ್ರ, ಇದ್ರಾಗ ಉಳ್ಳಾಗಡ್ಡಿ ವಾಸ್ನಿ ಬರ್ಲಾಕತ್ತದ್ರಿ. ಬಿಸ್ಕೀಟ್ ಹಾಕಬ್ಯಾಡ್ರಿ." ಅವತ್ತು ಇಂಡೆಂಟಿನಲ್ಲಿ ಬಿಸ್ಕತ್ತು, ಚಹಾಪುಡಿ ಎರಡೂ ಇದ್ದವು. ಹಿಂದಿನ ಟ್ರಿಪ್ಪಿನಲ್ಲಿ ಈರುಳ್ಳಿ ಹೊತ್ತ ಗಾಡಿಗೆ ಸೋಪು ತುಂಬಬಹುದು, ಚಹಾಪುಡಿ ತುಂಬಿದರೆ ಇಡೀ ಮಾಲು ವಾಪಸ್. ಆ ಹುಡುಗನಿಗೆ ಆಗ ಹತ್ತೊಂಬತ್ತು ವರ್ಷವಿರಬೇಕು. ನನ್ನನ್ನು ಸಾಹೇಬ್ರ ಎಂದು ಕರೆಯುತ್ತಲೇ ಅರ್ಧ ಕೆಲಸ ಕಲಿಸಿದ.

ತುಂಬುವ ಕ್ರಮಕ್ಕೆ ಬಂದರೆ, ಮೊದಲು ಇಳಿಯುವುದು ಕೊನೆಗೆ ಹತ್ತಬೇಕು. ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ ಮೂರಕ್ಕೂ ಒಂದೇ ಗಾಡಿ ಎಂದಾದರೆ ಹುಬ್ಬಳ್ಳಿಯ ಮಾಲು ಕ್ಯಾಬಿನ್ನಿನ ಬೆನ್ನಿಗೆ, ದುರ್ಗದ ಮಾಲು ಬಾಗಿಲ ಬುಡಕ್ಕೆ. ಕೇಳಲು ಎಷ್ಟು ಸುಲಭ! ಆದರೆ ದುರ್ಗದವರು ಕೇಳಿರುವುದು ಎಣ್ಣೆ ಟಿನ್ನು, ಹುಬ್ಬಳ್ಳಿಯವರು ಕೇಳಿರುವುದು ಚಿಪ್ಸ್ ಎಂದುಕೊಳ್ಳಿ. ಆಗ ಭಾರವೆಲ್ಲ ಹಿಂದಿನ ಗಾಲಿಗೂ ಹಿಂದಕ್ಕೆ ಬೀಳುತ್ತದೆ, ಗಾಡಿಯ ಮೂತಿ ಹಗುರಾಗುತ್ತದೆ, ಸ್ಟೇರಿಂಗ್ ನಿಲ್ಲುವುದಿಲ್ಲ. ಚಿಪ್ಸಿನ ಬಾಕ್ಸಿನ ಮೇಲೆ ಏನನ್ನೂ ಪೇರಿಸುವಂತಿಲ್ಲ. ಎಣ್ಣೆ ತುಂಬಿದರೆ ಗಾಡಿ ಅರ್ಧ ಖಾಲಿ ಇರುವಾಗಲೇ ತೂಕದ ಮಿತಿ ಮುಗಿಯುತ್ತದೆ, ಚಿಪ್ಸ್ ತುಂಬಿದರೆ ಸೂರಿಗೆ ತಾಗಿದರೂ ತೂಕವೇ ಆಗುವುದಿಲ್ಲ. ಟ್ರಾನ್ಸ್‌ಪೋರ್ಟಿನವರಿಗೆ ಬಾಡಿಗೆ ತೂಕದ ಮೇಲೆ, ನಮ್ಮ ಮ್ಯಾನೇಜರಿಗೆ ಲೆಕ್ಕ ಎಷ್ಟು ಜಾಗ ತುಂಬಿತು ಎಂಬುದರ ಮೇಲೆ. ಇಬ್ಬರ ನಡುವೆ ನಾನು ಒಂದು ತುಂಡು ಕಾಗದದಲ್ಲಿ ಚೌಕ ಬರೆದುಕೊಂಡು, ಅಳಿಸಿ, ಮತ್ತೆ ಬರೆಯುತ್ತೇನೆ. ಈಗ ಇದಕ್ಕೆ ಸಾಫ್ಟ್‌ವೇರ್ ಬಂದಿದೆ. ಅದು ಚೆನ್ನಾಗಿಯೇ ಮಾಡುತ್ತದೆ. ಈರುಳ್ಳಿ ವಾಸನೆ ಮಾತ್ರ ಅದಕ್ಕೆ ಬರುವುದಿಲ್ಲ.

ಎಣಿಕೆಯದು ಬೇರೆಯೇ ಕತೆ. ಮರದ ಪ್ಯಾಲೆಟ್ಟಿನ ಮೇಲೆ ಒಂದು ಸಾಲಿಗೆ ಎಂಟು ಬಾಕ್ಸ್, ಐದು ಸಾಲು, ಒಟ್ಟು ನಲವತ್ತು. ಗೋಡೆ ಕಟ್ಟುವವರು ಇಟ್ಟಿಗೆ ಕೂರಿಸುವ ಹಾಗೆ ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಬಾಕ್ಸ್ ಕೂರಬೇಕು, ಇಲ್ಲದಿದ್ದರೆ ಮೊದಲ ಹಂಪಿನಲ್ಲೇ ಬಾಳೆಕಂಬದಂತೆ ಸೀಳುತ್ತದೆ. ಕೆಲವು ಅಳತೆಯ ಬಾಕ್ಸುಗಳನ್ನು ಸುತ್ತ ತಿರುಗಿಸಿ ಜೋಡಿಸಬೇಕಾಗುತ್ತದೆ. ಆಗ ನಡುವೆ ಬಾವಿಯಂತೆ ಪೊಳ್ಳು ಉಳಿಯುತ್ತದೆ. ಹೊರಗಿನಿಂದ ಎಣಿಸಿ ಗುಣಿಸಿದವನಿಗೆ ಆ ಪೊಳ್ಳು ಗೊತ್ತಿರುವುದಿಲ್ಲ. ಪ್ಲಾಸ್ಟಿಕ್ ಸುತ್ತಿದ ಮೇಲಂತೂ ದೇವರಿಗೇ ಗೊತ್ತು. ಮೊದಲ ವರ್ಷ ನಾನು ಸಹಿ ಹಾಕಿ ಕಳಿಸಿದ ಎಷ್ಟೋ ಪ್ಯಾಲೆಟ್ಟುಗಳಲ್ಲಿ ಇಲ್ಲದ ಬಾಕ್ಸುಗಳಿದ್ದವು.

ಅಪ್ಪನ ಮಂಡಿಯಲ್ಲಿ ಎಣಿಸುವಾಗ ಒಂದು ಎನ್ನುತ್ತಿರಲಿಲ್ಲ. 'ಲಾಭ' ಎನ್ನುತ್ತಿದ್ದರು. ಲಾಭ, ಎರಡು, ಮೂರು... ರಾಗಿ ಅಳೆಯುವಾಗ ಹಳ್ಳಿಯ ಕಣದಲ್ಲಿ ಕೇಳಿರುತ್ತೀರಿ. ಗಟ್ಟಿಯಾಗಿ, ರಾಗವಾಗಿ, ಕೊಡುವವನಿಗೂ ಕೊಳ್ಳುವವನಿಗೂ ಕೇಳಿಸುವಂತೆ. ನಾನು ಅದನ್ನು ಡಾಕಿಗೆ ತಂದೆ. ತಂದೆ ಅನ್ನುವುದಕ್ಕಿಂತ, ಒಂದು ದಿನ ಗೊತ್ತಿಲ್ಲದೆ ಬಾಯಿಗೆ ಬಂತು. ಲೋಡಿಂಗ್ ಹುಡುಗರಿಗೆ ಖುಷಿಯಾಯಿತು. ಬಿಹಾರದಿಂದ ಬಂದ ಇಬ್ಬರಿಗೆ ಕನ್ನಡದಲ್ಲಿ ಬರುವ ಮೊದಲ ಅಂಕಿ ಇವತ್ತಿಗೂ ಲಾಭವೇ. ಗಟ್ಟಿಯಾಗಿ ಎಣಿಸಿದರೆ ತಪ್ಪು ಕಡಿಮೆ, ಯಾಕೆಂದರೆ ಎಣಿಸುವವನ ತಪ್ಪನ್ನು ಕೇಳುವವನು ಹಿಡಿಯುತ್ತಾನೆ. ಮೊಬೈಲಿನಂಥ ಸ್ಕ್ಯಾನರ್ ಬಂದ ಮೇಲೆ ಡಾಕಿನಲ್ಲಿ ಬರೀ ಬೀಪ್ ಕೇಳುತ್ತದೆ. ಆದರೂ ಅನುಮಾನ ಬಂದ ಪ್ಯಾಲೆಟ್ ಬಿಚ್ಚಿಸಿದಾಗ ನಾವು ಶುರು ಮಾಡುವುದು ಲಾಭದಿಂದ.

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ, ಓದುಗರಿಗೆ ನಿದ್ದೆ ಬರಬಾರದು. ಇನ್‌ವಾಯ್ಸ್, ಲಾರಿ ರಸೀದಿ, ಸೀಲ್ ನಂಬರು, ಇ-ವೇ ಬಿಲ್. ಐವತ್ತು ಸಾವಿರ ರೂಪಾಯಿಗೆ ಮೀರಿದ ಮಾಲು ರಸ್ತೆಗಿಳಿಯಬೇಕಾದರೆ ಈ ಇ-ವೇ ಬಿಲ್ ಬೇಕು. ಅದರಲ್ಲಿ ಗಾಡಿಯ ನಂಬರಿರುತ್ತದೆ, ಎಷ್ಟು ದಿನದೊಳಗೆ ತಲುಪಬೇಕು ಎಂಬ ಅವಧಿಯಿರುತ್ತದೆ. ಮೊದಲು ನೂರು ಕಿಲೋಮೀಟರಿಗೆ ಒಂದು ದಿನವಿತ್ತು, 2021ರಿಂದ ಇನ್ನೂರಕ್ಕೆ ಒಂದು ದಿನ. ದಾರಿಯಲ್ಲಿ ಗಾಡಿ ಕೆಟ್ಟು ಬೇರೆ ಗಾಡಿಗೆ ಮಾಲು ಬದಲಾಯಿಸಿದರೆ ನಂಬರೂ ಬದಲಾಗಬೇಕು. ಮಧ್ಯರಾತ್ರಿ ಹಾವೇರಿಯ ಹೊರಗೆ ಯಾರೋ ಅಧಿಕಾರಿ ಲಾರಿ ನಿಲ್ಲಿಸಿದರೆ ಡ್ರೈವರ್ ಫೋನು ಮಾಡುವುದು ಹೆಂಡತಿಗಲ್ಲ, ನನಗೆ.

ಇನ್ನು ಆ ರಾತ್ರಿ.

2018ರ ಮಾರ್ಚ್ 31. ಆರ್ಥಿಕ ವರ್ಷದ ಕೊನೆಯ ದಿನ ಎಲ್ಲ ಗೋದಾಮುಗಳಲ್ಲೂ ಜಾತ್ರೆಯೇ. ಸೇಲ್ಸಿನವರ ಟಾರ್ಗೆಟ್ ತುಂಬಬೇಕಾದರೆ ಮಾಲು ಅವತ್ತೇ ಗೇಟು ದಾಟಬೇಕು. ಆ ವರ್ಷ ಅದರ ಮೇಲೆ ಇನ್ನೊಂದು ಸೇರಿತ್ತು. ಮರುದಿನ, ಏಪ್ರಿಲ್ 1ರಿಂದ, ದೇಶವಿಡೀ ಇ-ವೇ ಬಿಲ್ ಕಡ್ಡಾಯವಾಗುವುದಿತ್ತು. ನಮ್ಮ ರಾಜ್ಯದಲ್ಲಿ ಅದು ಮೊದಲೇ ಪ್ರಾಯೋಗಿಕವಾಗಿ ನಡೆಯುತ್ತಿತ್ತು, ನಮಗೆ ಕೈ ಕುದುರಿತ್ತು. ಆದರೆ ಫೆಬ್ರವರಿ 1ಕ್ಕೆ ದೇಶದಲ್ಲೆಲ್ಲ ಒಟ್ಟಿಗೆ ಶುರು ಮಾಡಲು ಹೋಗಿ ಮೊದಲ ದಿನವೇ ಪೋರ್ಟಲ್ ಮಲಗಿಬಿಟ್ಟಿದ್ದು ಎಲ್ಲರಿಗೂ ನೆನಪಿತ್ತು. "ನಾಳೆ ಸೈಟ್ ಓಪನ್ ಆಗುತ್ತೋ ಇಲ್ವೋ ಯಾರಿಗ್ಗೊತ್ತು. ಒಂದು ಗಾಡೀನೂ ಒಳಗೆ ಉಳೀಬಾರದು" ಎಂದು ಮ್ಯಾನೇಜರ್ ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದರು.

ಎಂಟೂ ಡಾಕು ಭರ್ತಿ. ಹೊರಗೆ ಹನ್ನೊಂದು ಗಾಡಿ ಸಾಲಿನಲ್ಲಿ. ನಾಲ್ಕನೇ ಡಾಕಿನಲ್ಲಿ ದಾವಣಗೆರೆ, ಹುಬ್ಬಳ್ಳಿ ಗಾಡಿ. ಅದರ ಡ್ರೈವರ್ ಹಿರಿಯೂರಿನವರು, ವಾರಕ್ಕೆರಡು ಸಲ ಬರುವವರು, ನನಗಿಂತ ಹತ್ತು ವರ್ಷ ದೊಡ್ಡವರು. ಅವತ್ತು ಬೆಳಿಗ್ಗೆ ಏಳಕ್ಕೆ ಬಂದವರ ಗಾಡಿ ಡಾಕಿಗೆ ಹತ್ತಿದ್ದು ರಾತ್ರಿ ಎಂಟಕ್ಕೆ. ಒಂಬತ್ತು ಗಂಟೆಯ ಹೊತ್ತಿಗೆ ಆಫೀಸಿಗೆ ಬಂದು ನಿಂತರು. ಅವರ ಮೊಬೈಲು ಸತ್ತಿತ್ತು. ಮಗಳು ಎಸ್ಸೆಸ್ಸೆಲ್ಸಿ, ಪರೀಕ್ಷೆ ನಡೆಯುತ್ತಿತ್ತು. ದಿನಾ ರಾತ್ರಿ ಮಲಗುವ ಮೊದಲು ಅಪ್ಪನ ಹತ್ತಿರ ಮಾತಾಡಬೇಕು ಅವಳಿಗೆ.

"ಸಾರ್, ಕ್ಯಾಬಿನ್ನಲ್ಲಿ ಚಾರ್ಜಿಗೆ ಹಾಕ್ಕೊಂತೀನಿ. ಕೀ ಕೊಡಿ. ಗಾಡಿ ಸ್ಟಾರ್ಟ್ ಮಾಡಲ್ಲ, ದೇವ್ರಾಣೆ."

ಆಫೀಸಿನಲ್ಲಿದ್ದದ್ದು ಎರಡೇ ಪ್ಲಗ್ಗು. ಒಂದರಲ್ಲಿ ಪ್ರಿಂಟರ್, ಇನ್ನೊಂದರಲ್ಲಿ ಸ್ಕ್ಯಾನರ್. ನನ್ನ ಮುಂದೆ ಆರು ಗಾಡಿಯ ಕಾಗದ. ಕೀ ತೆಗೆದು ಕೊಟ್ಟೆ. ಅಷ್ಟೇ ಆಗಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಅರ್ಧ ಗಂಟೆ ಬಿಟ್ಟು, ಅವರ ಗಾಡಿಗೆ ಇನ್ನು ಮೂರೇ ಪ್ಯಾಲೆಟ್ ಬಾಕಿ ಎಂದಾಗ, ಆಮೇಲೆ ಮತ್ತೆ ಯಾರು ಓಡಾಡುವುದು ಎಂದು ಅವರ ಕಾಗದದ ಕವರನ್ನೂ ಹುಡುಗನೊಬ್ಬನ ಕೈಯಲ್ಲಿ ಕ್ಯಾಬಿನ್ನಿಗೆ ಕಳಿಸಿಬಿಟ್ಟೆ. ಲಾರಿ ಡ್ರೈವರಿಗೆ ಕಾಗದ ಕೈಗೆ ಬಂತು ಎಂದರೆ ಒಂದೇ ಅರ್ಥ.

ಲೋಡಿಂಗ್ ಮುಗಿದ ಗಾಡಿಯ ಬಾಗಿಲು ಹಾಕಿ, ಮೈಮೇಲೆ ಎರಡು ಸಲ ತಟ್ಟಿ "ರೈಟ್" ಎನ್ನುವುದು ರೂಢಿ. ಐದನೇ ಡಾಕಿನ ಗಾಡಿ ಆಗ ಮುಗಿಯಿತು. ಬಾಗಿಲು ಧಡ್ ಎಂದಿತು. ಎರಡು ಏಟು, "ರೈಟ್!". ಪಕ್ಕದ ನಾಲ್ಕನೆಯ ಗಾಡಿಯ ಕ್ಯಾಬಿನ್ನಿನಲ್ಲಿ ಮಗಳ ಜೊತೆ ಮಾತು ಮುಗಿಸಿ ಕೂತಿದ್ದವರಿಗೆ ಅದು ತಮಗೇ ಕೇಳಿಸಿತು.

ಆಗ ನಮ್ಮಲ್ಲಿ ಡಾಕಿಗೂ ಗಾಡಿಗೂ ನಡುವಿನ ಸಂದಿಗೆ ಹಾಸುತ್ತಿದ್ದದ್ದು ಒಂದು ದಪ್ಪ ಕಬ್ಬಿಣದ ತಗಡು. ಗಾಡಿ ಮುಂದಕ್ಕೆ ಸರಿದದ್ದು ಮೂರಡಿಯಷ್ಟಿರಬೇಕು. ತಗಡು ಜಾರಿ ಕೆಳಗೆ ಬಿತ್ತು. ಅದರ ಮೇಲೆ ಬಟ್ಟೆ ಪುಡಿಯ ಪ್ಯಾಲೆಟ್ಟನ್ನು ಕೈಗಾಡಿಯಲ್ಲಿ ಎಳೆಯುತ್ತ ಹಿಮ್ಮುಖವಾಗಿ ಹೋಗುತ್ತಿದ್ದವನು ಸಿಂದಗಿಯ ಹುಡುಗ. ನಾಲ್ಕಡಿ ಎತ್ತರದಿಂದ ಅವನು ಮೊದಲು, ಅವನ ಮೇಲೆ ಪ್ಯಾಲೆಟ್ಟು.

ನಾನು ಓಡಿಹೋದಾಗ ಗಾಡಿ ನಿಂತಿತ್ತು. ಎಲ್ಲರೂ ಸೇರಿ ಬಾಕ್ಸ್ ಎಳೆಯುತ್ತಿದ್ದರು. ಕೆಲವು ಒಡೆದು ಆ ನೀಲಿ ಪುಡಿ ಎಲ್ಲರ ಮೈಮೇಲೂ ಬಿದ್ದಿತ್ತು. ಇಡೀ ಜಾಗ ಆಗಷ್ಟೇ ಒಗೆದು ಹರವಿದ ಬಟ್ಟೆಯ ಹಾಗೆ ಘಮಘಮ ಅನ್ನುತ್ತಿತ್ತು. ಈಗಲೂ ನಮ್ಮ ಮನೆಗೆ ಆ ಪುಡಿ ತರುವುದಿಲ್ಲ. ಎಡಗಾಲಿನ ಮೊಣಕಾಲ ಕೆಳಗೆ ಎರಡೂ ಮೂಳೆ ಮುರಿದಿದ್ದವು. ಜೀವಕ್ಕೆ ಅಪಾಯವಾಗಲಿಲ್ಲ.

ಅವನನ್ನು ಆಸ್ಪತ್ರೆಗೆ ಕಳಿಸಿ, ಉಳಿದ ಗಾಡಿಗಳನ್ನೂ ಹೊರಡಿಸಿದೆವು. ಹೌದು, ಹೊರಡಿಸಿದೆವು. ರಾತ್ರಿ ಎರಡಕ್ಕೆ ರಿಜಿಸ್ಟರ್ ಮುಂದೆ ಕೂತೆ. ನಾಲ್ಕನೇ ಡಾಕಿನ ಸಾಲಿನಲ್ಲಿ ಕೀ ಕೊಟ್ಟ ಸಮಯದ ಚೌಕ ಖಾಲಿ ಇತ್ತು. ಅವಸರದಲ್ಲಿ ಬರೆದಿರಲಿಲ್ಲ, ಅವರ ಸಹಿಯನ್ನೂ ತೆಗೆದುಕೊಂಡಿರಲಿಲ್ಲ. ಅದನ್ನು ಖಾಲಿಯೇ ಬಿಟ್ಟೆ. ಖಾಲಿ ಬಿಟ್ಟರೆ ಕೀ ಕೊಟ್ಟೇ ಇಲ್ಲ ಎಂದಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬಿಟ್ಟೆ.

ಬೆಳಿಗ್ಗೆ ವರದಿ ಬರೆಯಬೇಕಾಯಿತು. ಎಲ್ಲ ವರದಿಯೂ ಇಂಗ್ಲಿಷಿನಲ್ಲಿ. 'ದಿ ವೆಹಿಕಲ್ ವಾಸ್ ಮೂವ್ಡ್ ವಿದೌಟ್ ಆಥರೈಸೇಶನ್' ಎಂದು ಬರೆದೆ. ಗಾಡಿ ಅನುಮತಿಯಿಲ್ಲದೆ ಚಲಿಸಿತು. ಸುಳ್ಳು ಎನ್ನುವಂತಿಲ್ಲ. ಭಾಷೆಯ ವಿದ್ಯಾರ್ಥಿಯಾಗಿದ್ದವನು ನಾನು, ಆ ವಾಕ್ಯದಲ್ಲಿ ಯಾರು ಯಾರೆಲ್ಲ ಕಾಣೆಯಾಗಿದ್ದಾರೆ ಎಂಬುದು ಬರೆಯುವಾಗಲೇ ಕಾಣುತ್ತಿತ್ತು. ಕನ್ನಡದಲ್ಲಿ ಬರೆದಿದ್ದರೆ ಕೀ ಯಾರು ಕೊಟ್ಟರು ಎಂಬುದು ಬಂದೇಬರುತ್ತಿತ್ತು ಎಂದು ಆಮೇಲೆ ಕೆಲವು ದಿನ ನನಗೆ ನಾನೇ ಹೇಳಿಕೊಂಡೆ. ಅದೂ ನೆಪವೇ. 'ಕೀ ಕೊಡಲಾಗಿತ್ತು' ಎಂದು ಬರೆಯುವ ಕನ್ನಡವೂ ನಮ್ಮ ಕಚೇರಿಗಳಲ್ಲಿ ಧಾರಾಳವಾಗಿದೆ. ಮ್ಯಾನೇಜರ್ ಓದಿ, ಸರಿಯಾಗಿದೆ ಎಂದರು. ಆ ಡ್ರೈವರನ್ನು ಇನ್ನು ಗೇಟಿನೊಳಗೆ ಬಿಡಬಾರದು ಎಂದು ಟ್ರಾನ್ಸ್‌ಪೋರ್ಟಿಗೆ ಮೇಲ್ ಹೋಯಿತು. ಅದರ ಪ್ರತಿ ನನಗೂ ಬಂತು.

ನಾಲ್ಕನೇ ದಿನ ಆಸ್ಪತ್ರೆಗೆ ಹೋದೆ. ಹುಡುಗನ ಕಾಲಿಗೆ ರಾಡ್ ಹಾಕಿದ್ದರು. ಊರಿನಿಂದ ಅವನ ಅವ್ವ ಬಂದಿದ್ದರು, ಮಂಚದ ಪಕ್ಕ ನೆಲದ ಮೇಲೆ ಕೂತು ತಾವು ತಂದಿದ್ದ ಕಟಕ್ ರೊಟ್ಟಿ ಮುರಿದು ನನಗೆ ಕೊಟ್ಟರು. ಅವರು ನೀರು ತರಲು ಹೊರಗೆ ಹೋದಾಗ ಹುಡುಗ ದನಿ ತಗ್ಗಿಸಿದ.

"ಸಾಹೇಬ್ರ, ಕೀ ನೀವು ಕೊಟ್ಟಿದ್ದು ನಾ ನೋಡಿನ್ರಿ. ಆದ್ರ ಯಾರಿಗೂ ಹೇಳಂಗಿಲ್ರಿ ನಾ. ಚಿಂತಿ ಮಾಡಬ್ಯಾಡ್ರಿ."

ಕಾಲು ಮುರಿದುಕೊಂಡು ಮಲಗಿದವನು ನನಗೆ ಧೈರ್ಯ ಹೇಳುತ್ತಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆ ವಾರ ಊರಿಗೆ ಹೋದೆ. ರಾತ್ರಿ ಜಗಲಿಯ ಮೇಲೆ ಅಪ್ಪನಿಗೆ ಅಪಘಾತದ ವಿಷಯ ಹೇಳಿದೆ, ಕೀ ವಿಷಯ ಬಿಟ್ಟು. ಅವರು ಕೇಳಿಕೊಂಡು, ಸ್ವಲ್ಪ ಹೊತ್ತಿನ ಮೇಲೆ, "ಏನಂತ ಬರ್ದೆ?" ಎಂದರು. ನಾನು ಮಾತಾಡಲಿಲ್ಲ. ಅಪ್ಪ ತಮ್ಮ ಹೆಗಲಿನ ಕತೆ ಹೇಳಿದ್ದು ಆಗ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಮಂಡಿಯಲ್ಲಿ ಅಟ್ಟಿಯ ಮೇಲಿನಿಂದ ಚೀಲವೊಂದು ಉರುಳಿ ಅವರ ಮೇಲೆ ಬಿದ್ದಿತ್ತು. ಅಟ್ಟಿ ಓರೆಯಾಗಿದೆ ಎಂದು ಬೆಳಿಗ್ಗೆಯೇ ಹೇಳಿದ್ದರಂತೆ. ಗುಮಾಸ್ತರು ಪುಸ್ತಕದಲ್ಲಿ ಬರೆದದ್ದು 'ಕುಡಿದು ಬಂದಿದ್ದ' ಎಂದು. ಹಾಗೆ ಬರೆದ ಮೇಲೆ ಯಾರೂ ಖರ್ಚು ಕೊಡಬೇಕಾಗಿಲ್ಲ. ನಮ್ಮಪ್ಪ ಜೀವಮಾನದಲ್ಲಿ ಕುಡಿದವರಲ್ಲ. "ಕೆಟ್ಟ ಮನುಷ್ಯ ಅಲ್ಲ ಕಣಪ್ಪ ಆತ. ಆಸ್ಪತ್ರೆಗೆ ಬಂದು ಬಾಳೆಹಣ್ಣು ಕೊಟ್ಟು ಹೋಗಿದ್ದ" ಎಂದರು.

ನಾನೂ ಆಸ್ಪತ್ರೆಗೆ ಹೋಗುವಾಗ ಬಾಳೆಹಣ್ಣು ಒಯ್ದಿದ್ದೆ.

ಸೋಮವಾರ ಎರಡನೇ ವರದಿ ಕೊಟ್ಟೆ. ಅರ್ಧ ಪುಟ. ಲೋಡಿಂಗ್ ಮುಗಿಯುವ ಮೊದಲೇ ಕೀ ಮತ್ತು ಕಾಗದ ಎರಡನ್ನೂ ನಾನೇ ಕೊಟ್ಟಿದ್ದೆ, ರಿಜಿಸ್ಟರಿನಲ್ಲಿ ಬರೆದಿರಲಿಲ್ಲ, ಬಾಗಿಲು ಮುಚ್ಚಿದ್ದನ್ನು ನಾನು ಕಣ್ಣಿನಿಂದ ನೋಡದೆ ಕಾಗದ ಕಳಿಸಿದೆ ಎಂದು. ಮ್ಯಾನೇಜರಿಗೆ ಸಿಟ್ಟು ಬಂತು, ಅವರ ಸಹಿಯಾಗಿದ್ದ ಮೊದಲ ವರದಿ ಮೇಲಕ್ಕೆ ಹೋಗಿಯಾಗಿತ್ತು. ನನಗೆ ಎಚ್ಚರಿಕೆ ಪತ್ರ ಬಂತು, ಆ ವರ್ಷ ಇನ್‌ಕ್ರಿಮೆಂಟ್ ಇರಲಿಲ್ಲ. ಇದನ್ನು ತ್ಯಾಗ ಎಂದು ಹೇಳಿಕೊಳ್ಳುವ ಹಾಗಿಲ್ಲ, ಕೆಲಸ ಹೋಗುತ್ತದೆ ಎಂದು ಹೆದರಿದ್ದೆ, ಹೋಗಲಿಲ್ಲ.

ಟ್ರಾನ್ಸ್‌ಪೋರ್ಟಿಗೆ ಮತ್ತೊಂದು ಮೇಲ್ ಹೋಯಿತು. ಅಷ್ಟರಲ್ಲಿ ಹಿರಿಯೂರಿನವರು ಅಲ್ಲಿ ಕೆಲಸ ಬಿಟ್ಟಿದ್ದರು, ಅಥವಾ ಬಿಡಿಸಿದ್ದರು. ನಂಬರು ಹುಡುಕಿ ಫೋನು ಮಾಡಿದೆ. ಏನಾಯಿತು ಎಂದು ಹೇಳಿದೆ. ಆ ಕಡೆ ಗಾಡಿ ಓಡುತ್ತಿದ್ದ ಸದ್ದು ಕೇಳುತ್ತಿತ್ತು.

"ಈಗ್ಯಾಕೆ ಸಾರ್ ಅದೆಲ್ಲ" ಎಂದರು.

ಏನು ಹೇಳಬೇಕೋ ತಿಳಿಯಲಿಲ್ಲ. "ಮಗಳ ರಿಸಲ್ಟ್ ಏನಾಯ್ತು?" ಎಂದೆ.

"ಪಾಸಾದ್ಲು" ಎಂದು ಇಟ್ಟರು. ಮತ್ತೆ ನಾನು ಮಾಡಲಿಲ್ಲ.

ಸಿಂದಗಿಯ ಹುಡುಗನಿಗೆ ಇಎಸ್‌ಐ ಇತ್ತು. ಕೆಲಸದಲ್ಲಿ ಆದ ಪೆಟ್ಟು ಎಂದು ದಾಖಲಾದರೆ ಕೆಲಸಕ್ಕೆ ಹೋಗಲಾಗದಷ್ಟು ದಿನ ಸಂಬಳದ ನೂರಕ್ಕೆ ತೊಂಬತ್ತರಷ್ಟು ಬರುತ್ತದೆ. ಆ ಕಾಗದಗಳ ಹಿಂದೆ ನಾನೇ ಓಡಾಡಿದೆ. ಬರೆಯುವವನಾಗಿ ಅಷ್ಟಾದರೂ ಬರುತ್ತಿತ್ತು. ಏಳು ತಿಂಗಳ ಮೇಲೆ ಅವನು ಊರಿಗೆ ಹೋದ. ಈಗ ಸಿಂದಗಿಯಲ್ಲಿ ಟಂಟಂ ಓಡಿಸುತ್ತಾನೆ. ಹೋದ ವರ್ಷ ಫೋನು ಮಾಡಿದ್ದ. ಕಾಲು ಹೇಗಿದೆ ಎಂದೆ. "ಟಂಟಂನಾಗ ಕ್ಲಚ್ ಕೈಯಾಗ ಇರ್ತದ್ರಿ ಸಾಹೇಬ್ರ. ಎಡಗಾಲಿಗೆ ಏನೂ ಕೆಲಸಿಲ್ರಿ" ಎಂದು ನಕ್ಕ.

ಆ ತಗಡು ಹೋಯಿತು. ಈಗ ಡಾಕಿಗೇ ಜೋಡಿಸಿದ, ಗುಂಡಿ ಒತ್ತಿದರೆ ಏಳುವ ಹಲಗೆ ಬಂದಿದೆ. ಗಾಡಿಯ ಹಿಂದಿನ ಎರಡೂ ಚಕ್ರಕ್ಕೆ ಅಡ್ಡ ದಿಮ್ಮಿ ಕೊಡದೆ ಯಾರೂ ಒಳಗೆ ಕಾಲಿಡುವಂತಿಲ್ಲ. ಬಾಡಿ ತಟ್ಟಿ ರೈಟ್ ಎನ್ನುವುದನ್ನು ನಿಲ್ಲಿಸಿದ್ದೇವೆ, ಹೊಸಬರು ಯಾರಾದರೂ ತಟ್ಟಿದರೆ ಹಳಬರೇ ಗದರುತ್ತಾರೆ. ಡಾಕಿನ ಹೊರಗೆ ಕೆಂಪು, ಹಸಿರು ದೀಪ ಹಾಕಿದ್ದಾರೆ. ಇವೆಲ್ಲ ಕಂಪನಿ ಮಾಡಿದ್ದು. ನಾನು ಮಾಡಿದ್ದು ಒಂದೇ. ದೊಡ್ಡಬಳ್ಳಾಪುರ ರಸ್ತೆಯ ಎಲೆಕ್ಟ್ರಿಕ್ ಅಂಗಡಿಯಿಂದ ಎಂಟು ಪಿನ್ನಿನ ಒಂದು ಬೋರ್ಡು ತಂದು ಕೀ ಹಲಗೆಯ ಕೆಳಗೆ ಹಾಕಿಸಿದೆ. ಕೀ ಕೊಟ್ಟವರು ಫೋನನ್ನು ಅಲ್ಲೇ ಚಾರ್ಜಿಗೆ ಇಡುತ್ತಾರೆ. ಪಕ್ಕದಲ್ಲೊಂದು ಬೆಂಚು. ನಾಮಕ್ಕಲ್ಲಿನವರು, ಚಳ್ಳಕೆರೆಯವರು, ಕೊಲ್ಹಾಪುರದವರು ಅಲ್ಲಿ ಕೂತು, ವೈರು ಉದ್ದ ಸಾಲದೆ ಗೋಡೆಗೆ ಕಿವಿ ಕೊಟ್ಟವರಂತೆ ಬಾಗಿ, ಮನೆಗೆ ಮಾತಾಡುತ್ತಾರೆ.

ಮೊನ್ನೆ ಮಾರ್ಚ್ ಕೊನೆಯಲ್ಲಿ, ರಾತ್ರಿ ಹನ್ನೊಂದಕ್ಕೆ, ಹೊಸ ಡ್ರೈವರೊಬ್ಬರು ಬಂದು ಹಲಗೆಯತ್ತ ಕೈ ಚಾಚಿದರು.

"ಸಾರ್, ಆರನೇ ನಂಬರ್ ಗಾಡಿ. ಆಗಿರಬೇಕಲ್ಲ, ಬಾಗಿಲು ಹಾಕಿದ ಸದ್ದು ಬಂತು."

ಎದ್ದು ಹೋಗಿ ನೋಡಿ ಬಂದೆ.

"ಅದು ಏಳನೇದು. ನಿಮ್ಮದು ಇನ್ನೂ ಎರಡು ಪ್ಯಾಲೆಟ್ ಇದೆ. ಟೀ ಹೇಳ್ತೀನಿ, ಕೂತ್ಕೊಳ್ಳಿ."